ಅಂಗಳದ ಮರ ಮತ್ತು ಕಚೇರಿಯ ಅಪ್ಪಣೆ

(ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮರ ಕಡಿಯುವ ಮಾತಿಗೂ ಪಕ್ಷಕ್ಕೂ ಏನು ಸಂಬಂಧವೆಂದು ಬಾಗಿಲ ಬಳಿ ಯಾರೋ ನಕ್ಕರು. ನಗಲಿ. ಹೆಂಚಿನ ಮೇಲೆ ಬಾಗಿದ ಮರದ ಕೆಳಗೆ ಗಾಳಿಮಳೆಯ ರಾತ್ರಿ ಮಕ್ಕಳನ್ನು ಮಲಗಿಸಿ ತಾವು ಎಚ್ಚರವಾಗಿ ಕುಳಿತವರು ನಗುವುದಿಲ್ಲ.

ನಾನು ಬಾಡಿಗೆಗಿರುವ ವಠಾರದ ಹಿತ್ತಲಲ್ಲಿ ಒಂದು ಗುಲ್‌ಮೊಹರ್ ಮರವಿತ್ತು. ಮಕ್ಕಳು ಅದನ್ನು ಕತ್ತಿಕಾಯಿ ಮರ ಎನ್ನುತ್ತಿದ್ದರು. ನೋಡಲು ಚೆಲುವಾದ ಮರ, ಆದರೆ ಕೊಂಬೆ ಬಲು ಪೆಳಸು. ಬುಡ ಟೊಳ್ಳಾಗಿ ಮೂರು ಮನೆಗಳ ಮೇಲೆ ವಾಲಿತ್ತು. ನಡುವಿನ ಮನೆಯಲ್ಲಿ ಅಕ್ಕಿ ಗಿರಣಿಯ ಹಮಾಲಿಯೊಬ್ಬನ ಸಂಸಾರ. ಆತ ನನ್ನ ಬಳಿ ಬಂದು, "ಮೇಷ್ಟ್ರೇ, ನೀವು ಓದಿದವರು, ಒಂದು ಅರ್ಜಿ ಬರೆದುಕೊಡಿ" ಎಂದ. ಅರ್ಜಿ ಬರೆಯುವುದೇನು ಮಹಾ ಎಂದುಕೊಂಡೆ. ನನ್ನ ತಿಳಿವಳಿಕೆ ಎಷ್ಟೆಂದು ಆಮೇಲೆ ಗೊತ್ತಾಯಿತು.

ನಮ್ಮಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಇದೆ. ಮರ ನಮ್ಮ ಸ್ವಂತ ನಿವೇಶನದಲ್ಲಿದ್ದರೂ ವೃಕ್ಷಾಧಿಕಾರಿಯ ಅಪ್ಪಣೆ ಇಲ್ಲದೆ ಕಡಿಯುವಂತಿಲ್ಲ. ಈ ಅಧಿಕಾರಿ ಅರಣ್ಯ ಇಲಾಖೆಯವರು. ಪುರಸಭೆಯವರೆಂದು ತಿಳಿದು ನಾನು ಮೂರು ದಿನ ಸುಮ್ಮನೆ ಅಲೆದೆ. ಕಡಿಯುವುದೆಂದರೆ ಬುಡಕ್ಕೆ ಕೊಡಲಿ ಹಾಕುವುದು ಮಾತ್ರವಲ್ಲ. ಕೊಂಬೆ ಕಡಿಯುವುದು, ಸುತ್ತಲೂ ತೊಗಟೆ ಸುಲಿಯುವುದು, ವಿಷ ಹಾಕಿ ಒಣಗಿಸುವುದು ಎಲ್ಲವೂ ಕಾಯಿದೆಯ ಕಣ್ಣಿನಲ್ಲಿ ಒಂದೇ. ಅಂಗಡಿಯ ಮುಂದಿನ ಮರ ಬೋರ್ಡನ್ನು ಮರೆಮಾಡುತ್ತದೆಂದು ರಾತ್ರಿ ಆಸಿಡ್ ಸುರಿಯುವ ಮಿತ್ರರು ಇದನ್ನು ಕೇಳಿಸಿಕೊಳ್ಳಬೇಕು. ಅದು ರಸ್ತೆಯ ಮರ, ನಿಮ್ಮದಲ್ಲ. ಬಿಸಿಲಿನಲ್ಲಿ ನಿಮ್ಮ ಗಿರಾಕಿ ನಿಲ್ಲುವುದೂ ಅದರ ನೆರಳಿನಲ್ಲೇ.

ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್ ಇಂಥವಕ್ಕೆ ಅಪ್ಪಣೆ ಬೇಕಿಲ್ಲ. ಹಾಗಿರುವಾಗ ತೆಂಗಿನ ಮರಕ್ಕೂ "ಸಾಹೇಬರ ಖರ್ಚು" ಎಂದು ಹಣ ಕಿತ್ತವರನ್ನು ನಾನು ಕಂಡಿದ್ದೇನೆ. ಶ್ರೀಗಂಧದ ಕತೆ ಬೇರೆ. 1792ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜಮರವೆಂದು ಸಾರಿದ. ನಮ್ಮ ನೆಲದಲ್ಲಿ ಬೆಳೆದ ಗಂಧ ನಮ್ಮದೆಂದು ಕಾನೂನು ಒಪ್ಪಿದ್ದು 2001ರ ತಿದ್ದುಪಡಿಯಲ್ಲಿ. ಈಗಲೂ ಅರಣ್ಯ ಇಲಾಖೆಗೆ ತಿಳಿಸದೆ ಅದನ್ನು ಮುಟ್ಟಬೇಡಿ.

ಅರ್ಜಿಯಲ್ಲಿ ನಿವೇಶನದ ನಕಾಶೆ, ಮರದ ಜಾತಿ, ಸಂಖ್ಯೆ, ಸುತ್ತಳತೆ, ಕಡಿಯಲು ಕಾರಣ ಇವಿಷ್ಟು ಇರಬೇಕು, ಜೊತೆಗೆ ಒಡೆತನದ ದಾಖಲೆ. ನಾವು ಎಡವಿದ್ದು ಇಲ್ಲಿಯೇ. ಗುಮಾಸ್ತರು ಮಾಲೀಕರ ರುಜು ಕೇಳಿದರು. ಮಾಲೀಕರು ಬೇರೆ ಊರಿನಲ್ಲಿ. ಬಾಡಿಗೆ ಒಂದು ವಾರ ತಡವಾದರೆ ಓಡಿ ಬರುವವರು ಮರದ ಮಾತೆತ್ತಿದೊಡನೆ, "ಖರ್ಚು ನೀವೇ ಹಾಕಿಕೊಳ್ಳಿ, ಸೌದೆ ನನಗೆ ಬರಲಿ" ಎಂದರು! ಮರ ಬಿದ್ದರೆ ಸಾಯುವವರು ಒಬ್ಬರು, ರುಜು ಹಾಕುವವರು ಇನ್ನೊಬ್ಬರು. ಆಸ್ತಿಯ ಹಕ್ಕೆಂಬುದರ ಅರ್ಥ ನನಗೆ ಯಾವ ಪುಸ್ತಕದಿಂದಲೂ ಇಷ್ಟು ಚೆನ್ನಾಗಿ ಆಗಿರಲಿಲ್ಲ.

ಆಗ ಪರಿಚಯದ ವಕೀಲರೊಬ್ಬರು ದಾರಿ ತೋರಿಸಿದರು. ಬೀಳುವಂತಿರುವ ಮರದಿಂದ ನೆರೆಯಲ್ಲಿ ವಾಸಿಸುವವರಿಗೆ, ವ್ಯಾಪಾರ ಮಾಡುವವರಿಗೆ, ದಾರಿಹೋಕರಿಗೆ ಅಪಾಯವಿದ್ದರೆ ಅದನ್ನು ತೆಗೆಸಲು ಇಲ್ಲವೇ ಆಸರೆ ಕೊಡಿಸಲು ಮಾಲೀಕನಿಗೆ ಆಜ್ಞೆ ಮಾಡುವ ಅಧಿಕಾರ ಉಪವಿಭಾಗದ ಮ್ಯಾಜಿಸ್ಟ್ರೇಟರಿಗಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 133ನೆಯ ಕಲಮು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152ನೆಯದು. ಮೂರು ಮನೆಯವರೂ ರುಜು ಮಾಡಿ ಎ.ಸಿ. ಸಾಹೇಬರಿಗೆ ಅರ್ಜಿ ಕೊಟ್ಟೆವು, ಸ್ವೀಕೃತಿ ಪಡೆದೆವು. ಅದರ ನಕಲು ಕೈಸೇರಿದ ಮೇಲೆ ಮಾಲೀಕರ ಲೇಖನಿಗೆ ತಾನಾಗಿ ಶಾಯಿ ಬಂತು. ಅರಣ್ಯದವರು ಬಂದು ಟೇಪು ಹಿಡಿದು ನೋಡಿದರು. ಸತ್ತ, ರೋಗ ಹಿಡಿದ, ಜೀವಕ್ಕೋ ಮನೆಗೋ ಅಪಾಯ ತರುವ ಮರಕ್ಕೆ ಅಪ್ಪಣೆ ನಿರಾಕರಿಸುವಂತಿಲ್ಲ. ಬದಲಿಗೆ ಗಿಡ ನೆಡಬೇಕೆಂಬ ಷರತ್ತಿನ ಮೇಲೆ ಅಪ್ಪಣೆ ಸಿಕ್ಕಿತು.

ಇನ್ನು ಖರ್ಚು. ಮರ ಕೆಡಹುವವರು ದಪ್ಪ ನೋಡಿ ದರ ಹೇಳುವುದಿಲ್ಲ, ಇಕ್ಕಟ್ಟು ನೋಡಿ ಹೇಳುತ್ತಾರೆ. ಬಯಲಿನ ಮರವಾದರೆ ಒಂದೇ ಸಲ ಉರುಳಿಸಬಹುದು. ಮನೆಗಳ ನಡುವಿನದಾದರೆ ಮೇಲೆ ಹತ್ತಿ, ಹಗ್ಗ ಕಟ್ಟಿ, ತುಂಡು ತುಂಡಾಗಿ ಇಳಿಸಬೇಕು. ತಂತಿ ಹತ್ತಿರವಿದ್ದರೆ ವಿದ್ಯುತ್ತಿನವರು ಲೈನು ನಿಲ್ಲಿಸಬೇಕು. ಹತ್ತುವವನೂ ಕೂಲಿಯವನೇ, ಅವನ ಜೀವಕ್ಕೂ ಬೆಲೆಯಿದೆ. ಅವನ ಕೂಲಿಯಲ್ಲಿ ಚೌಕಾಶಿ ಬೇಡ. ಚೌಕಾಶಿ ಮಾಡಬೇಕಾದದ್ದು ಕಂಟ್ರಾಕ್ಟರನ ಹತ್ತಿರ. ಆತ ಕೂಲಿಯನ್ನೂ ಪಡೆದು ದಿಮ್ಮಿಯನ್ನೂ ಒಯ್ಯುತ್ತಾನೆ. ಎರಡರ ಲೆಕ್ಕವನ್ನೂ ಬೇರೆಬೇರೆ ಬರೆಸಿಕೊಳ್ಳಿ. ಬುಡ ಅಗೆಯುವುದು, ಕಸ ಸಾಗಿಸುವುದು ಸೇರಿದೆಯೋ ಎಂದು ಮೊದಲೇ ಕೇಳಿ. ನಾವು ಕೇಳಲಿಲ್ಲ, ಬೊಡ್ಡೆ ಇನ್ನೂ ಅಲ್ಲೇ ಇದೆ. ಬೀಟೆ, ಹೊನ್ನೆ, ಸಾಗುವಾನಿಯಂಥ ಮರವಾದರೆ ರಹದಾರಿ ಕೈಗೆ ಬರುವತನಕ ಗಾಡಿ ಹೊರಡಿಸಬೇಡಿ.

ಕಾಯಿದೆ ಬೇಡವೆಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ನಿವೇಶನದ ದಲ್ಲಾಳಿಗಳು ಊರನ್ನೇ ಬೋಳು ಮಾಡಿಯಾರು. ನಮ್ಮ ಬೇಡಿಕೆ ಇಷ್ಟೇ: ಮಳೆಗಾಲಕ್ಕೆ ಮೊದಲು ಅಧಿಕಾರಿಗಳು ವಾರ್ಡುವಾರು ಬಂದು ಅಪಾಯದ ಮರಗಳನ್ನು ನೋಡಲಿ, ಕೈಲಾಗದವರ ಮನೆಯ ಖರ್ಚನ್ನು ಪುರಸಭೆ ಹೊರಲಿ. ಇದಕ್ಕೊಂದು ಮನವಿ ತಯಾರಾಗಿದೆ. ನಿಮ್ಮ ವಠಾರದಲ್ಲಿ ಇಂಥ ಮರವಿದ್ದರೆ ಮನೆ ನಂಬರು, ಮರದ ಜಾತಿ, ಹಗ್ಗದಲ್ಲಿ ಅಳೆದ ಸುತ್ತಳತೆ ಬರೆದುಕೊಂಡು ಭಾನುವಾರ ಬೆಳಿಗ್ಗೆ ಸಂಘದ ಕಚೇರಿಗೆ ಬನ್ನಿ. ಅರ್ಜಿ ನಾನು ಬರೆದುಕೊಡುತ್ತೇನೆ.