ಸೂರತ್ತಿನ ಸೋಂಕು ಯಾರ ಖಾತೆಯಲ್ಲಿ?



ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೊ, ಪ್ರಕಟಿಸಿದ 2019ರ ಅಂದಾಜಿನಂತೆ ಗುಜರಾತಿನಲ್ಲಿ ಎಚ್‌ಐವಿ ಸೋಂಕಿನೊಡನೆ ಬದುಕುತ್ತಿದ್ದವರು ಸುಮಾರು 1.04 ಲಕ್ಷ ಜನ. ಅದೇ ವರ್ಷ ಕರ್ನಾಟಕದ ಸಂಖ್ಯೆ ಸುಮಾರು 2.69 ಲಕ್ಷ, ಇಡೀ ದೇಶದ್ದು 23.49 ಲಕ್ಷ. ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳವರು ಇಂತಹ ಅಂಕಿಗಳನ್ನು ಪತ್ರಿಕೆಯಲ್ಲಿ ಓದಿ ಎರಡು ತೀರ್ಮಾನಗಳಿಗೆ ಬರುವುದುಂಟು. ಬಿಟ್ಟು ಬಂದ ನಾಡಿಗಿಂತ ಸೇರಿದ ನಾಡು ಕ್ಷೇಮವೆಂಬುದು ಒಂದು. ಆ ಒಂದು ಲಕ್ಷದಲ್ಲಿ ನಮ್ಮವರು ಯಾರೂ ಇರಲಾರರೆಂಬುದು ಇನ್ನೊಂದು. ಮೊದಲನೆಯದು ಅರ್ಧ ಸತ್ಯ. ಎರಡನೆಯದಕ್ಕೆ ಆಧಾರವೇ ಇಲ್ಲ. ಏಕೆ ಇಲ್ಲವೆಂಬುದನ್ನು ತಿಳಿಯಲು ಈ ಲೆಕ್ಕವನ್ನು ಬರೆಯುವ ಬಗೆಯನ್ನು ನೋಡಬೇಕು.

ಒಂದು ಮೊತ್ತವನ್ನು ಕಂಡೊಡನೆ ಲೆಕ್ಕ ಪರಿಶೋಧಕನು ಕೇಳುವ ಮೊದಲ ಪ್ರಶ್ನೆ, ಇದು ಎಣಿಸಿದ್ದೋ ಅಂದಾಜಿಸಿದ್ದೋ ಎಂಬುದು. ಗುಜರಾತಿನ 1.04 ಲಕ್ಷ ಜನರನ್ನು ಯಾರೂ ಒಬ್ಬೊಬ್ಬರನ್ನಾಗಿ ಎಣಿಸಿಲ್ಲ. ಗೋದಾಮಿನ ಪ್ರತಿಯೊಂದು ಚೀಲವನ್ನೂ ಬಿಚ್ಚದೆ, ಕೆಲವು ಚೀಲಗಳಿಗೆ ಬಂಬು ಹಾಕಿ ಕಾಳನ್ನು ಪರೀಕ್ಷಿಸುವ ಧಾನ್ಯದ ವ್ಯಾಪಾರಿಯ ಕ್ರಮವೇ ಇಲ್ಲಿಯೂ ನಡೆಯುವುದು. 1998ರಿಂದ ದೇಶದಲ್ಲಿ ಕ್ರಮವಾಗಿ ನಡೆದು ಬಂದಿರುವ ಸೆಂಟಿನೆಲ್ ಸಮೀಕ್ಷೆಯಲ್ಲಿ ಆಯ್ದ ಆಸ್ಪತ್ರೆಗಳಿಗೆ ಬರುವ ಗರ್ಭಿಣಿಯರ ಪೈಕಿ ಒಂದೊಂದು ಕೇಂದ್ರದಲ್ಲಿ 400 ಜನರ ರಕ್ತವನ್ನು ಮೂರು ತಿಂಗಳ ಅವಧಿಯಲ್ಲಿ, ಬಂದವರು ಬಂದ ಕ್ರಮದಲ್ಲಿಯೇ, ಹೆಸರು ಅಳಿಸಿ ಪರೀಕ್ಷಿಸುತ್ತಾರೆ. ಲೈಂಗಿಕ ವೃತ್ತಿಯ ಮಹಿಳೆಯರು, ಪುರುಷರೊಡನೆ ಸಂಬಂಧವಿರುವ ಪುರುಷರು, ಚುಚ್ಚುಮದ್ದಿನ ಮಾದಕ ವ್ಯಸನಿಗಳು, ವಲಸೆ ಕಾರ್ಮಿಕರು, ಲಾರಿ ಚಾಲಕರು ಇವರಿಗೆ ಬೇರೆ ಕೇಂದ್ರಗಳು. ಅಲ್ಲಿ ಮಾದರಿ 250. ಈ ಪ್ರಮಾಣಗಳನ್ನು ಜನಸಂಖ್ಯೆಯ ಮೇಲೆ ಹರಡಿ, ಗಣಕದ ಮಾದರಿಗೆ ಅಳವಡಿಸಿದ ನಂತರ ಹೊರಬರುವುದು ಪತ್ರಿಕೆಯ ಸಂಖ್ಯೆ.

ಗರ್ಭಿಣಿಯರನ್ನೇ ಏಕೆ ಆರಿಸಿದರೆಂದರೆ, ಅವರು ಸಾಮಾನ್ಯ ಜನತೆಯ ಪ್ರತಿನಿಧಿಗಳೆಂಬ ಭಾವನೆಯಿಂದ. ಆದರೆ ಈ ಕೇಂದ್ರಗಳು ಬಹುತೇಕ ಸರಕಾರಿ ಆಸ್ಪತ್ರೆಗಳಲ್ಲಿವೆ. ಅಹಮದಾಬಾದಿನ ನವರಂಗಪುರದ ಅಥವಾ ಸೂರತ್ತಿನ ಅಡಾಜಣದ ವ್ಯಾಪಾರಿ ಮನೆತನದ ಸೊಸೆ ಹೆರಿಗೆಗೆ ಅಸಾರ್ವಾದ ಸಿವಿಲ್ ಆಸ್ಪತ್ರೆಗೋ ಮಜೂರಾ ಗೇಟಿನ ನ್ಯೂ ಸಿವಿಲ್ ಆಸ್ಪತ್ರೆಗೋ ಹೋಗುವುದಿಲ್ಲ. ಆಕೆಯ ರಕ್ತ ಈ ಬಂಬಿಗೆ ಸಿಕ್ಕುವುದೇ ಇಲ್ಲ. ಬಿಚ್ಚಿ ನೋಡದ ಚೀಲವನ್ನು ಚೊಕ್ಕ ಧಾನ್ಯವೆಂದು ಯಾವ ವ್ಯಾಪಾರಿಯೂ ಕೊಳ್ಳಲಾರ. ಆದರೂ ತನ್ನ ಸಮಾಜದ ಆರೋಗ್ಯದ ವಿಷಯ ಬಂದಾಗ ಅದೇ ವ್ಯಾಪಾರಿ ಅಂತಹ ಚೀಲಕ್ಕೆ ಕಣ್ಣು ಮುಚ್ಚಿ ರಸೀದಿ ಬರೆಯುತ್ತಾನೆ.

ಇಷ್ಟೇ ಆಗಿದ್ದರೆ ದೋಷ ಒಂದೇ ದಿಕ್ಕಿನದು ಎನ್ನಬಹುದಿತ್ತು. ಆಂಧ್ರದ ಗುಂಟೂರು ಜಿಲ್ಲೆಯಲ್ಲಿ ಲಲಿತ್ ದಂಡೋನಾ ಮತ್ತು ಸಂಗಡಿಗರು ಮನೆಮನೆಗೆ ಹೋಗಿ ಸಾವಿರಾರು ಜನರ ರಕ್ತದ ಹನಿಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ದಿಕ್ಕನ್ನು ತೋರಿಸಿತು. ಅಧಿಕೃತ ವಿಧಾನದಿಂದ ಬಂದ ಸಂಖ್ಯೆ ಮನೆಮನೆಯ ಸಮೀಕ್ಷೆಯ ಸಂಖ್ಯೆಗಿಂತ ಎರಡು ಪಟ್ಟಿಗೂ ಮಿಕ್ಕಿತ್ತು. ಬಡವರು ಹೆಚ್ಚಾಗಿ ಸರಕಾರಿ ಆಸ್ಪತ್ರೆಗೆ ಹೋಗುವುದು ಒಂದು ಕಾರಣ. ಇನ್ನೊಂದು ಕಾರಣವು ಲೆಕ್ಕ ಬಲ್ಲವರನ್ನು ಬೆಚ್ಚಿಸುವಂತಹದು. ಖಾಸಗಿ ವೈದ್ಯರು ಸೋಂಕು ಕಂಡುಬಂದವರನ್ನೂ ಸಂಶಯ ಬಂದವರನ್ನೂ ಸರಕಾರಿ ಆಸ್ಪತ್ರೆಗೆ ಸಾಗಿಸುತ್ತಿದ್ದರು. ವರ್ಷದ ಕೊನೆಗೆ ಬಾರದ ಸಾಲಗಳನ್ನೆಲ್ಲ ಸೋದರ ಸಂಸ್ಥೆಯ ಖಾತೆಗೆ ವರ್ಗಾಯಿಸಿ ತನ್ನ ಅಢಾವೆ ಪತ್ರಿಕೆಯನ್ನು ಶುಭ್ರಗೊಳಿಸುವ ಉಪಾಯಕ್ಕೂ ಇದಕ್ಕೂ ಭೇದವಿಲ್ಲ. ಖಾಸಗಿ ಆಸ್ಪತ್ರೆಯ ಪುಸ್ತಕ ಶುಭ್ರ, ಸರಕಾರದ ಪುಸ್ತಕ ಕೆಂಪು, ನಡುವೆ ಅಲೆದಾಡಿದ ಗರ್ಭಿಣಿಯ ಹೆಸರು ಎಲ್ಲಿಯೂ ಇಲ್ಲ. ಏಡ್ಸ್ ಬಡವರ ರೋಗವೆಂಬ ಮಾತಿಗೆ ಅಂಕಿಗಳಿಂದ ಬರುವ ಬೆಂಬಲದಲ್ಲಿ ಇಂತಹ ವರ್ಗಾವಣೆಯ ಪಾಲೂ ಇದೆ.

2005-06ರ ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಲಕ್ಷಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆಯಾಯಿತು. 15ರಿಂದ 49 ವಯಸ್ಸಿನವರಲ್ಲಿ ಕಂಡುಬಂದ ಸೋಂಕು ಶೇಕಡಾ 0.28. ಸೆಂಟಿನೆಲ್ ಕೇಂದ್ರಗಳ ಸಂಖ್ಯೆಯನ್ನೂ ಆ ಹೊತ್ತಿಗೆ ಸಾವಿರಕ್ಕೆ ಮೀರಿ ಹೆಚ್ಚಿಸಲಾಗಿತ್ತು. ಇವೆರಡನ್ನೂ ಜೋಡಿಸಿ 2007ರ ಜುಲೈನಲ್ಲಿ ನ್ಯಾಕೊ ತನ್ನ ಹಿಂದಿನ 52 ಲಕ್ಷದ ಅಂದಾಜನ್ನು ಸುಮಾರು 25 ಲಕ್ಷಕ್ಕೆ ಇಳಿಸಿತು. ಹಿಂದಿನ ವರ್ಷವಷ್ಟೇ ಭಾರತವು ದಕ್ಷಿಣ ಆಫ್ರಿಕವನ್ನೂ ಮೀರಿಸಿತೆಂದು ಜಗತ್ತಿನ ಪತ್ರಿಕೆಗಳು ಬರೆದಿದ್ದವು. ಅರ್ಧದಷ್ಟು ರೋಗಿಗಳು ಒಂದೇ ರಾತ್ರಿಯಲ್ಲಿ ಗುಣಹೊಂದಲಿಲ್ಲ, ಲೆಕ್ಕ ತಿದ್ದಿತು. ಇದನ್ನು ಅಪಮಾನವೆಂದು ಬಗೆದವರುಂಟು. ತನ್ನ ತಪ್ಪನ್ನು ತಾನೇ ಬಹಿರಂಗವಾಗಿ ತಿದ್ದಿಕೊಂಡ ಸರಕಾರಿ ಲೆಕ್ಕಗಳು ಈ ದೇಶದಲ್ಲಿ ಎಷ್ಟಿವೆ ಎಂದು ನೋಡಿದರೆ, ನ್ಯಾಕೊವಿಗೆ ಸಲ್ಲಬೇಕಾದ ಗೌರವ ಹೆಚ್ಚೇ ಆಗುತ್ತದೆ.

ಆದರೆ ಆ ಸಮೀಕ್ಷೆಯಲ್ಲಿ ಕರ್ನಾಟಕಕ್ಕೆ ದೊರೆತ ಬೆಳಕು ಗುಜರಾತಿಗೆ ದೊರೆಯಲಿಲ್ಲ. ರಾಜ್ಯದ ಪ್ರಮಾಣವನ್ನು ಪ್ರತ್ಯೇಕವಾಗಿ ಹೇಳುವಷ್ಟು ಮಾದರಿಯನ್ನು ಕೆಲವೇ ರಾಜ್ಯಗಳಲ್ಲಿ ಪಡೆಯಲಾಗಿತ್ತು. ಕರ್ನಾಟಕ ಅವುಗಳಲ್ಲಿ ಒಂದು. ಅಲ್ಲಿ ಕಂಡದ್ದು ಶೇಕಡಾ 0.69. ಗುಜರಾತ್ ಉಳಿದ ರಾಜ್ಯಗಳ ರಾಶಿಯಲ್ಲಿ ಸೇರಿತು. ರಾಜ್ಯದ ಸರಾಸರಿಯೂ ಎಷ್ಟನ್ನು ಮುಚ್ಚಿಡುತ್ತದೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ನಿದರ್ಶನವುಂಟು. ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ಜನರ ನಡುವೆಯೇ ನಡೆಸಿದ ಸಮೀಕ್ಷೆಯಲ್ಲಿ ಕಂಡುಬಂದ ಸೋಂಕು ಶೇಕಡಾ 2.9. ಜೈನ ಮನೆತನಗಳು ತಲೆಮಾರುಗಳಿಂದ ಒಕ್ಕಲುತನವನ್ನೂ ವ್ಯಾಪಾರವನ್ನೂ ನಡೆಸಿಕೊಂಡು ಬಂದಿರುವ ಸೀಮೆಯದು.

ಇನ್ನು ಸೂರತ್. ಆ ನಗರದ ಕೆಂಪುದೀಪ ಪ್ರದೇಶದ 118 ಮಹಿಳೆಯರನ್ನು ಅಲ್ಲಿನ ಸರಕಾರಿ ವೈದ್ಯಕೀಯ ಕಾಲೇಜಿನ ವೈದ್ಯರು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎಚ್‌ಐವಿ ಪ್ರಮಾಣ ಶೇಕಡಾ 43.2. ಇದು ಸೂರತ್ ನಗರದ ಪ್ರಮಾಣವಲ್ಲ, ಆ ಒಂದು ಬೀದಿಯ ಪ್ರಮಾಣ. ಆದರೆ ಆ ಬೀದಿಗೆ ಬಂದು ಹೋದ ಪುರುಷರನ್ನು ಎಣಿಸುವ ಕೇಂದ್ರ ಯಾವುದು? ಲೈಂಗಿಕ ರೋಗಗಳ ಸರಕಾರಿ ಚಿಕಿತ್ಸಾಲಯಕ್ಕೆ ಬಂದವನು ಲೆಕ್ಕಕ್ಕೆ ಸಿಕ್ಕಾನು. ಖಾಸಗಿ ವೈದ್ಯನಲ್ಲಿ ಗುಟ್ಟಾಗಿ ಔಷಧ ಕೊಂಡವನು ಸಿಕ್ಕನು.

ಸೂರತ್ತಿನ ಉಧನಾ, ಪಾಂಡೇಸರಾ ಮೊದಲಾದ ಕಡೆಗಳ ಪವರ್‌ಲೂಮ್‌ಗಳಲ್ಲಿ ದುಡಿಯುವವರಲ್ಲಿ ಒಡಿಶಾದ ಗಂಜಾಮ್ ಜಿಲ್ಲೆಯವರು ಬಹು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು, ಒಂದು ಕೋಣೆಯನ್ನು ಪಾಳಿಯಲ್ಲಿ ಹಂಚಿಕೊಂಡು, ಹನ್ನೆರಡು ಗಂಟೆ ಮಗ್ಗದ ಮುಂದೆ ನಿಲ್ಲುವ ಬದುಕು ಅವರದು. ಇಲ್ಲಿ ಸೋಂಕು ತಗುಲಿದವನು ದುಡಿಯಲಾರದ ಸ್ಥಿತಿ ಬಂದಾಗ ರೈಲು ಹತ್ತಿ ಊರಿಗೆ ಹೋಗುತ್ತಾನೆ. ಪರೀಕ್ಷೆ ನಡೆಯುವುದು ಬ್ರಹ್ಮಪುರದಲ್ಲಿ. ದಾಖಲೆಯಾಗುವುದು ಒಡಿಶಾದ ಪುಸ್ತಕದಲ್ಲಿ. ಮುಂದೆ ಹೆಂಡತಿಯ ಸೋಂಕೂ ಅದೇ ಪುಟದಲ್ಲಿ. ಗಂಜಾಮ್ ಒಡಿಶಾದಲ್ಲಿಯೇ ಅತಿ ಹೆಚ್ಚು ಸೋಂಕಿನ ಜಿಲ್ಲೆಯೆಂದು ಹೆಸರಾದದ್ದರಲ್ಲಿ ಈ ವಲಸೆಯ ಪಾಲು ದೊಡ್ಡದು. ಲಾಭವನ್ನು ಸೂರತ್ ಶಾಖೆಯಲ್ಲಿ ಜಮಾ ಮಾಡಿ ನಷ್ಟವನ್ನು ಗಂಜಾಮ್ ಶಾಖೆಗೆ ಖರ್ಚು ಬರೆದಂತೆ. ಕ್ರೋಡೀಕರಿಸಿದ ಲೆಕ್ಕವನ್ನು ಕೇಳುವವರಿಲ್ಲದಿದ್ದರೆ ಗುಜರಾತಿನ ಪುಟ ಚೆನ್ನಾಗಿಯೇ ಕಾಣುತ್ತದೆ. ಪವರ್‌ಲೂಮ್ ಮಾಲೀಕರಲ್ಲಿ, ಬಟ್ಟೆ ವ್ಯಾಪಾರಿಗಳಲ್ಲಿ, ಆ ಬಟ್ಟೆಯನ್ನು ಬೆಂಗಳೂರಿಗೂ ಹುಬ್ಬಳ್ಳಿಗೂ ಕಳುಹಿಸುವವರಲ್ಲಿ ಜೈನರು ಹಲವರಿದ್ದಾರೆ. ಆದುದರಿಂದ ಈ ಶಾಖಾ ಲೆಕ್ಕ ಪರರ ಲೆಕ್ಕವಲ್ಲ.

ಇಂತಹ ಪ್ರದೇಶಗಳನ್ನು ತೆರವುಗೊಳಿಸಿ ನಗರವನ್ನು ಶುದ್ಧಿ ಮಾಡಿದೆವೆಂದು ರಾಜಕಾರಣಿಗಳು ಹೇಳಿಕೊಳ್ಳುವಾಗ ಸಮಾಜದ ಹಿರಿಯರು ಚಪ್ಪಾಳೆ ತಟ್ಟುವುದುಂಟು. ಗೋವೆಯ ಬೈನಾದಲ್ಲಿ 2004ರ ಜೂನ್ ತಿಂಗಳಲ್ಲಿ ಕೆಂಪುದೀಪ ಪ್ರದೇಶವನ್ನು ನೆಲಸಮ ಮಾಡಿದರು. ಅಲ್ಲಿದ್ದ ಮಹಿಳೆಯರಲ್ಲಿ ಕರ್ನಾಟಕದವರು ಅನೇಕರು. ಬೀದಿ ಹೋದರೆ ವೃತ್ತಿ ಹೋಗುವುದಿಲ್ಲ, ಹೋಗುವುದು ವಿಳಾಸ. ವಿಳಾಸ ಹೋದಲ್ಲಿ ಔಷಧ ಕೊಡುವವನಿಗೂ ದಾರಿಯಿಲ್ಲ, ಎಣಿಸುವವನಿಗೂ ದಾರಿಯಿಲ್ಲ.

ವಡೋದರಾದ ವಿಷಯ ಬೇರೆ ಬಗೆಯದು. ಅಲ್ಲಿ 2000ದಲ್ಲಿ ರಾಜಪೀಪಲಾ ರಾಜಮನೆತನದ ಮಾನವೇಂದ್ರ ಸಿಂಹ ಗೋಹಿಲ್ ಅವರು ಲಕ್ಷ್ಯ ಟ್ರಸ್ಟನ್ನು ಸ್ಥಾಪಿಸಿ, ಪುರುಷರೊಡನೆ ಸಂಬಂಧವಿರುವ ಪುರುಷರಲ್ಲಿ ಎಚ್‌ಐವಿ ತಡೆಯ ಕೆಲಸವನ್ನು ಆರಂಭಿಸಿದರು. ತಾವೂ ಅಂತಹವರೇ ಎಂದು 2006ರಲ್ಲಿ ಬಹಿರಂಗಪಡಿಸಿದಾಗ ಅವರ ಮನೆತನದಲ್ಲಿ ಎದ್ದ ಕೋಲಾಹಲವನ್ನು ಗುಜರಾತಿನಲ್ಲಿದ್ದವರು ಮರೆತಿರಲಾರರು. 2018ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಡುವವರೆಗೆ ಆ ಸಂಬಂಧ ಕಾನೂನಿನ ಕಣ್ಣಿನಲ್ಲಿ ಅಪರಾಧವಾಗಿತ್ತು. ಅಪರಾಧಿಯೆನಿಸುವ ಭಯವಿರುವವನು ಎಣಿಕೆಗೆ ಏಕೆ ಬಂದಾನು? ಮನೆಯವರ ಒತ್ತಾಯಕ್ಕೆ ಅವನು ಮದುವೆಯಾಗಿರುತ್ತಾನೆ. ಅವನ ಹೆಂಡತಿ ಸಮೀಕ್ಷೆಯಲ್ಲಿ ಎಂದಾದರೂ ಸಿಕ್ಕರೆ, ಅಪಾಯ ಕಡಿಮೆಯಿರುವ ಸಾಮಾನ್ಯ ಗೃಹಿಣಿಯರ ಅಂಕಣದಲ್ಲಿ ಸಿಕ್ಕುತ್ತಾಳೆ.

ಅಹಮದಾಬಾದಿನಲ್ಲಿ ರಾಜ್ಯದ ಏಡ್ಸ್ ನಿಯಂತ್ರಣ ಸೊಸೈಟಿಯಲ್ಲದೆ ಮಹಾನಗರಪಾಲಿಕೆಯದೇ ಪ್ರತ್ಯೇಕ ಸೊಸೈಟಿಯೂ ರಚನೆಯಾಯಿತು. ಮುಂಬಯಿ, ಚೆನ್ನೈ ಬಿಟ್ಟರೆ ಇಂತಹ ವ್ಯವಸ್ಥೆ ಬೇರೆ ನಗರಗಳಿಗೆ ದೊರೆಯಲಿಲ್ಲ. ಅಲ್ಲಿನ ಸಿವಿಲ್ ಆಸ್ಪತ್ರೆಗೆ ರಾಜಸ್ಥಾನದಿಂದಲೂ ರೋಗಿಗಳು ಬರುತ್ತಾರೆ. ಸೂರತ್ತಿಗೆ ತನ್ನ ರೋಗಿಗಳು ಹೊರಗೆ ಹೋಗುವ ತೊಡಕಾದರೆ ಅಹಮದಾಬಾದಿಗೆ ಹೊರಗಿನವರು ಒಳಗೆ ಬರುವ ತೊಡಕು. ಆಸ್ಪತ್ರೆಯ ರಿಜಿಸ್ಟರನ್ನು ಮಾತ್ರ ನೋಡಿ ನಗರದ ಸ್ಥಿತಿಯನ್ನು ಹೇಳುವುದು ಎರಡೂ ಕಡೆ ಸಲ್ಲದು.

ಸಮಾಜದ ಯುವಕ ಸಂಘಗಳು ನಡೆಸುವ ರಕ್ತದಾನ ಶಿಬಿರಗಳ ಫಲಿತಾಂಶವನ್ನು ಮುಂದೆ ಮಾಡುವವರೂ ಇದ್ದಾರೆ. ನೂರಾರು ಬಾಟಲಿಗಳಲ್ಲಿ ಒಂದರಲ್ಲಿಯೂ ಸೋಂಕಿಲ್ಲವೆಂಬ ಸಮಾಧಾನ ಅವರದು. ಸ್ವಇಚ್ಛೆಯಿಂದ ಸಾಲಿನಲ್ಲಿ ನಿಂತು ರಕ್ತ ಕೊಡುವವನು ತನ್ನ ಬಗೆಗೆ ಸಂಶಯವಿಲ್ಲದವನು. ಸಂಶಯವುಳ್ಳವನು ಆ ದಿನ ಊರಲ್ಲಿಯೇ ಇರುವುದಿಲ್ಲ.

ಇನ್ನೊಂದು ಗೊಂದಲವಿದೆ. ನ್ಯಾಕೊವಿನ ಅಂದಾಜಿನಂತೆ 2010ರಿಂದ 2019ರ ನಡುವೆ ದೇಶದಲ್ಲಿ ಹೊಸ ಸೋಂಕುಗಳು ಶೇಕಡಾ 37ರಷ್ಟು ಇಳಿದವು, ಏಡ್ಸ್ ಸಂಬಂಧದ ಸಾವುಗಳು ಶೇಕಡಾ 66ರಷ್ಟು ಇಳಿದವು. ಹಾಗಿದ್ದರೂ ಸೋಂಕಿತರ ಒಟ್ಟು ಸಂಖ್ಯೆ 2019ರ 23.49 ಲಕ್ಷದಿಂದ, 2021ರ ಅಂದಾಜಿನಲ್ಲಿ 24.01 ಲಕ್ಷವಾಯಿತು. ರೋಗ ಹೆಚ್ಚಿತೆಂದು ಇದನ್ನು ಓದಬಾರದು. ಆಖೈರು ಶಿಲ್ಕು ಏರಲು ಜಮೆಯೇ ಹೆಚ್ಚಬೇಕೆಂದಿಲ್ಲ. ಖರ್ಚು ಜಮೆಗಿಂತ ಕಡಿಮೆಯಾದರೂ ಸಾಕು. ಇಲ್ಲಿ ಖರ್ಚೆಂದರೆ ಸಾವು. 2004ರ ಏಪ್ರಿಲ್ 1ರಿಂದ ಉಚಿತ ಎ.ಆರ್.ಟಿ. ಔಷಧ ಆರಂಭವಾಯಿತು; 2017ರಿಂದ ಸೋಂಕು ಪತ್ತೆಯಾದ ಎಲ್ಲರಿಗೂ ಅದು ದೊರೆಯುತ್ತದೆ. ಅಹಮದಾಬಾದಿನ ಸಿವಿಲ್, ವಡೋದರಾದ ಸಯಾಜಿರಾವ್, ಸೂರತ್ತಿನ ನ್ಯೂ ಸಿವಿಲ್ ಆಸ್ಪತ್ರೆಗಳಲ್ಲಿ ಇದರ ಕೇಂದ್ರಗಳಿವೆ. ಔಷಧವನ್ನು ತಪ್ಪದೆ ಸೇವಿಸಿ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟದಲ್ಲಿಯೇ ಉಳಿದವನಿಂದ ಅವನ ಸಂಗಾತಿಗೆ ಸೋಂಕು ತಗಲುವುದಿಲ್ಲ. ಸೋಂಕಿತ ತಾಯಿಗೆ ಕಾಲಕ್ಕೆ ಚಿಕಿತ್ಸೆ ದೊರೆತರೆ ಬಹುಪಾಲು ಮಕ್ಕಳು ಸೋಂಕಿಲ್ಲದೆ ಹುಟ್ಟುತ್ತಾರೆ. ಲೆಕ್ಕಕ್ಕೆ ಬಾರದೆ ಉಳಿದವರು ಕಳೆದುಕೊಳ್ಳುವುದು ಇದನ್ನು. ಮರ್ಯಾದೆಗಾಗಿ ಮನೆಯಲ್ಲಿ ಬಚ್ಚಿಟ್ಟ ಕಾಯಿಲೆಗೆ ಹೊರಗೆ ಕ್ಷಯವೆಂದೋ ಕಾಮಾಲೆಯೆಂದೋ ಹೆಸರು ಹೇಳಿ, ಮೂವತ್ತೈದಕ್ಕೆ ಗಂಡನನ್ನು ಕಳೆದುಕೊಂಡು, ಎರಡು ವರ್ಷದ ಮೇಲೆ ತಾನೂ ಮಲಗಿದ ಹೆಣ್ಣು ಮಗಳ ಕಥೆ ಯಾವ ಸಮಾಜಕ್ಕೂ ಹೊಸತಲ್ಲ. ಗಂಡನಿಗೆ ಕಾಲಕ್ಕೆ ಪರೀಕ್ಷೆಯಾಗಿದ್ದರೆ ಇಬ್ಬರೂ ಬದುಕಿರುತ್ತಿದ್ದರು.

2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾನೂನಿನ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಯಲು ಮಾಡುವಂತಿಲ್ಲ, ಸೋಂಕಿನ ಕಾರಣಕ್ಕೆ ನೌಕರಿಯನ್ನಾಗಲಿ ಶಾಲೆಯನ್ನಾಗಲಿ ಚಿಕಿತ್ಸೆಯನ್ನಾಗಲಿ ನಿರಾಕರಿಸುವಂತಿಲ್ಲ. ಸಾಮಾನ್ಯ ಖಾಸಗಿ ಆಸ್ಪತ್ರೆ ಮಾತ್ರವಲ್ಲ, ಸಮಾಜದ ದಾನದಿಂದ ನಡೆಯುವ ಆಸ್ಪತ್ರೆಗೂ ಈ ಕಾನೂನು ಅನ್ವಯಿಸುತ್ತದೆ. ಖಾಸಗಿ ಮತ್ತು ಧರ್ಮಾರ್ಥ ಆಸ್ಪತ್ರೆಗಳು ರಾಜ್ಯದ ಏಡ್ಸ್ ಸೊಸೈಟಿಯೊಡನೆ ಒಪ್ಪಂದ ಮಾಡಿಕೊಂಡು ಪರೀಕ್ಷಾ ಕಿಟ್‌ಗಳನ್ನು ಪಡೆಯಲು, ಹೆಸರು ಹೊರಗೆ ಬಾರದಂತೆ ಫಲಿತಾಂಶದ ಸಂಖ್ಯೆಯನ್ನು ರಾಜ್ಯಕ್ಕೆ ತಿಳಿಸಲು ವ್ಯವಸ್ಥೆಯಿದೆ.

ಗುಜರಾತಿನ ಈ ಮೂರು ನಗರಗಳಲ್ಲಿ ಜೈನ ಟ್ರಸ್ಟುಗಳು ನಡೆಸುವ ಔಷಧಾಲಯಗಳು, ಪ್ರಯೋಗಶಾಲೆಗಳು, ಹೆರಿಗೆ ಮನೆಗಳು ಅನೇಕವಿವೆ. ಅವುಗಳ ವಾರ್ಷಿಕ ಸಭೆಯಲ್ಲಿ ಜಮಾಖರ್ಚಿನ ಪಟ್ಟಿಯನ್ನು ಓದುತ್ತಾರೆ, ದಾನಿಗಳಿಗೆ ಶಾಲು ಹೊದಿಸುತ್ತಾರೆ, ಊಟಕ್ಕೆ ಏಳುತ್ತಾರೆ. ಮುಂದಿನ ಸಭೆಯಲ್ಲಿ ಊಟಕ್ಕೆ ಏಳುವ ಮುನ್ನ ಸದಸ್ಯರೊಬ್ಬರು ಎದ್ದು, ಕಳೆದ ವರ್ಷ ಇಲ್ಲಿಗೆ ಬಂದ ಗರ್ಭಿಣಿಯರಲ್ಲಿ ಎಷ್ಟು ಜನರಿಗೆ ಒಪ್ಪಿಗೆ ಪಡೆದು ಎಚ್‌ಐವಿ ಪರೀಕ್ಷೆಯಾಯಿತು, ಆ ಸಂಖ್ಯೆ ರಾಜ್ಯದ ಸೊಸೈಟಿಗೆ ಹೋಯಿತೇ, ಸೋಂಕು ಕಂಡುಬಂದವರ ಹೆರಿಗೆ ಇಲ್ಲಿಯೇ ಆಯಿತೋ ಅಥವಾ ಅವರನ್ನು ಸಿವಿಲ್ ಆಸ್ಪತ್ರೆಗೆ ಸಾಗಹಾಕಲಾಯಿತೋ ಎಂದು ಕೇಳಬಹುದು. ಟ್ರಸ್ಟಿಗಳು ಉತ್ತರವನ್ನು ಅಲ್ಲಿಯೇ ಕೊಡಲಾರದೆ ಹೋದರೆ, ಬರೆದು ತಿಳಿಸಲು ಒಂದು ತಿಂಗಳ ಅವಕಾಶ ಕೊಟ್ಟು, ಆ ಮಾತನ್ನು ನಡಾವಳಿ ಪುಸ್ತಕದಲ್ಲಿ ದಾಖಲು ಮಾಡಿಸತಕ್ಕದ್ದು.