ಡೀಸೆಲ್ ಹೊಗೆ ಮತ್ತು ನಮ್ಮ ಉಸಿರು



ಈ ಹೊತ್ತು ಡೀಸೆಲ್ ಹೊಗೆಯ ಬಗ್ಗೆ ಮಾತಾಡೋಣ.

ನಮ್ಮಲ್ಲಿ ಎಷ್ಟೋ ಜನ ಈ ಹೊಗೆಯ ಪಕ್ಕದಲ್ಲೇ ದುಡಿಯುತ್ತೇವೆ. ಕೆಲವು ಗಿರಣಿಗಳಲ್ಲಿ ಡೀಸೆಲ್ ಇಂಜಿನ್ ಓಡುತ್ತದೆ. ರಸ್ತೆ ಕೆಲಸದಲ್ಲಿ ರೋಲರ್, ಟಿಪ್ಪರ್ ಓಡುತ್ತವೆ. ಕಲ್ಲು ಕ್ವಾರಿಯಲ್ಲಿ ಲಾರಿಗಳು ಸಾಲಾಗಿ ನಿಲ್ಲುತ್ತವೆ. ಕರೆಂಟು ಹೋದರೆ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಜನರೇಟರ್ ಹಾಕುತ್ತಾರೆ.

"ಕಣ್ಣು ಉರೀತದೆ, ತಲೆ ನೋಯ್ತದೆ. ಸಂಜೆಗೆ ಸರಿಹೋಗ್ತದೆ ಬಿಡ್ರಿ" ಅಂತ ನಾವು ಸುಮ್ಮನಾಗುತ್ತೇವೆ. ಕಣ್ಣುರಿ ಸಂಜೆಗೆ ಹೋಗುತ್ತದೆ, ನಿಜ. ಆದರೆ ಎದೆಯೊಳಗೆ ಹೋದ ಮಸಿ?

ಲಾಟೀನಿನ ಗಾಜು ನೆನಪು ಮಾಡಿಕೊಳ್ಳಿ. ಬತ್ತಿ ಹೆಚ್ಚು ಏರಿಸಿದರೆ ಗಾಜು ಕಪ್ಪಾಗುತ್ತದೆ. ಅದೇ ಮಸಿ. ಡೀಸೆಲ್ ಹೊಗೆಯಲ್ಲೂ ಮಸಿ ಇದೆ. ಅದರ ಕಣಗಳು ತಲೆಗೂದಲಿನ ದಪ್ಪಕ್ಕಿಂತ ಹತ್ತಾರು ಪಟ್ಟು ಸಣ್ಣವು. ಸೀರೆಯ ಸೆರಗು ಅವನ್ನು ತಡೆಯುವುದಿಲ್ಲ. ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಆ ಮಸಿಗೆ ವಿಷದ ವಸ್ತುಗಳು ಅಂಟಿಕೊಂಡಿರುತ್ತವೆ. ವರ್ಷಗಟ್ಟಲೆ ಈ ಹೊಗೆ ಕುಡಿದರೆ ಶ್ವಾಸಕೋಶದಲ್ಲಿ ಕ್ಯಾನ್ಸರ್ ಹುಟ್ಟಬಹುದು.

"ಅದು ಬೀಡಿ ಸೇದೋರಿಗೆ ಬರೋ ರೋಗ ಅಲ್ಲವಾ? ನಾವು ಸೇದೋದಿಲ್ಲವಲ್ಲ?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಬೀಡಿ, ಸಿಗರೇಟು ದೊಡ್ಡ ಕಾರಣ. ಆದರೆ ಅದೊಂದೇ ಕಾರಣವಲ್ಲ.

ಅಮೆರಿಕ ದೇಶದಲ್ಲಿ ವಿಜ್ಞಾನಿಗಳು 8 ಗಣಿಗಳ 12,315 ಕೆಲಸಗಾರರ ಲೆಕ್ಕ ತೆಗೆದರು. ಆ ಗಣಿಗಳಲ್ಲಿ ಡೀಸೆಲ್ ಯಂತ್ರಗಳು ಓಡುತ್ತಿದ್ದವು. 2012ರಲ್ಲಿ ಫಲಿತಾಂಶ ಹೊರಬಂತು. ಆ ಕೆಲಸಗಾರರಲ್ಲಿ ತುಂಬಾ ಹೊಗೆ ಕುಡಿದವರೂ ಇದ್ದರು, ಕಡಿಮೆ ಕುಡಿದವರೂ ಇದ್ದರು. ತುಂಬಾ ಕುಡಿದವರಿಗೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ಸುಮಾರು 3 ಪಟ್ಟು ಹೆಚ್ಚಿತ್ತು. ಸಿಗರೇಟು ಮುಟ್ಟದವರಲ್ಲೂ ಅಪಾಯ ಹೆಚ್ಚಿತ್ತು.

ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಒಂದು ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದೆ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುವ ಸಂಭವ ಇದೆ ಎಂದು ಅದು 1988ರಲ್ಲಿ ಹೇಳಿತ್ತು. 2012ರಲ್ಲಿ, ಇದು ಖಚಿತ ಎಂದು ಸಾರಿತು.

ಇದನ್ನು ಕೇಳಿ ಹೆದರಬೇಡಿ. ಹೊಗೆ ಕುಡಿದ ಎಲ್ಲರಿಗೂ ಈ ರೋಗ ಬರುವುದಿಲ್ಲ. ಎಷ್ಟು ಹೊಗೆ, ಎಷ್ಟು ವರ್ಷ ಎಂಬುದು ಮುಖ್ಯ. ಹೊಗೆ ಕಡಿಮೆಯಾದಷ್ಟೂ ಅಪಾಯ ಕಡಿಮೆ.

ಹಾಗಾದರೆ ಏನು ಮಾಡಬೇಕು?

1. ಇಂಜಿನಿನ ಹೊಗೆ ಕೊಳವೆ ಕಟ್ಟಡದ ಹೊರಗೆ, ಎತ್ತರದಲ್ಲಿ ಇರಬೇಕು. ಕಿಟಕಿಯ ಕೆಳಗೆ ಇರಬಾರದು.

2. ಲೋಡು ಇಳಿಸುವಾಗ ಲಾರಿಯ ಇಂಜಿನ್ ಆರಿಸಲು ಹೇಳಿ.

3. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆ ನಿಂತು ಕೆಲಸ ಮಾಡಿ. ಹೊಗೆ ಆಚೆ ಹೋಗುತ್ತದೆ.

4. ಊಟಕ್ಕೆ ಕೂರುವ ಜಾಗ, ಮಗುವಿನ ಜೋಲಿ ಇಂಜಿನಿನಿಂದ ದೂರ ಇರಲಿ.

5. ಹೊಗೆ ಕಪ್ಪಗೆ ದಟ್ಟವಾಗಿ ಬಂದರೆ ಇಂಜಿನ್ ರಿಪೇರಿ ಮಾಡಿಸಬೇಕು.

ಎರಡು ವಾರ ಕೆಮ್ಮು ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಕಫದಲ್ಲಿ ರಕ್ತ ಬಂದರೆ ಅದೇ ದಿನ ಹೋಗಿ. ಮೊದಲು ಕ್ಷಯದ ಪರೀಕ್ಷೆ ಮಾಡಬಹುದು. ಕ್ಷಯ ಇಲ್ಲ ಅಂದರೆ, "ಸದ್ಯ, ಗೆದ್ದೆ" ಅಂತ ಮನೆಗೆ ಬರಬೇಡಿ. "ಮತ್ತೆ ಕೆಮ್ಮು ಯಾಕೆ?" ಅಂತ ಕೇಳಿ. ಹೊಗೆಯಲ್ಲಿ ಕೆಲಸ ಮಾಡುವ ವಿಷಯವನ್ನೂ ಡಾಕ್ಟರಿಗೆ ಹೇಳಿ.

"ಹೊಗೆ ವಿಷಯ ಎತ್ತಿದರೆ ಮಾಲೀಕರು ಕೆಲಸ ಬಿಡಿಸಿಬಿಟ್ಟರೆ?" ಈ ಭಯ ಸುಳ್ಳಲ್ಲ. ಕೂಲಿ ತಪ್ಪಿದರೆ ಒಲೆ ಹೊತ್ತುವುದಿಲ್ಲ. ಅದಕ್ಕೇ ಒಬ್ಬಳೇ ಹೋಗಬೇಡಿ. ಹತ್ತು ಜನ ಸೇರಿ ಹೋಗಿ. ನಾವು ಕೇಳುವುದು ಹೊಸದೇನಲ್ಲ. ಫ್ಯಾಕ್ಟರಿಯ ಇಂಜಿನ್ ಹೊಗೆಯನ್ನು ಹೊರಗಿನ ಬಯಲಿಗೆ ಬಿಡಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದರು.

ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಬರೆದು ಕೊಡಿ. ಹೀಗೆ ಬರೆಯಬಹುದು:

"ಮಾಲೀಕರಿಗೆ ನಮಸ್ಕಾರ. ಇಂಜಿನಿನ ಹೊಗೆ ನಾವು ಕೆಲಸ ಮಾಡುವ ಜಾಗಕ್ಕೆ ಬರುತ್ತಿದೆ. ಇದರಿಂದ ನಮ್ಮ ಆರೋಗ್ಯ ಕೆಡುತ್ತದೆ. ದಯವಿಟ್ಟು ಹೊಗೆ ಕೊಳವೆಯನ್ನು ಹೊರಗೆ, ಎತ್ತರಕ್ಕೆ ಹಾಕಿಸಿ."

ಇವತ್ತು ಈ ನಾಲ್ಕು ಸಾಲನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಕೆಳಗೆ ನಿಮ್ಮ ಹೆಸರು ಬರೆದು ಸಹಿ ಹಾಕಿ. ಹೆಬ್ಬೆಟ್ಟು ಬೇಡ.