ಇಟ್ಟಿಗೆಕಲ್ಲಿನಿಂದ ಲ್ಯಾಟರೈಟ್‌ಗೆ: ಭೂವಿಜ್ಞಾನದ ಪದಗಳು



ಭೂವಿಜ್ಞಾನವನ್ನು ಹೇಳಲು ಕನ್ನಡದಲ್ಲಿ ಪದಗಳಿಲ್ಲ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ನಾನದನ್ನು ಒಪ್ಪುವುದಿಲ್ಲ. ಏಕೆಂಬುದನ್ನು ಒಂದು ಕಲ್ಲಿನ ಕಥೆಯಿಂದಲೇ ಹೇಳಬಹುದು.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿದ. ಇಂದು ಕೇರಳದ ಮಲಪ್ಪುರಂ ಜಿಲ್ಲೆಗೆ ಸೇರಿರುವ ಅಂಗಡಿಪುರಂ ಬಳಿ ಒಂದು ವಿಚಿತ್ರ ಕಲ್ಲು ಅವನ ಕಣ್ಣಿಗೆ ಬಿತ್ತು. ನೆಲದಲ್ಲಿದ್ದಾಗ ಕಬ್ಬಿಣದ ಹತಾರಿಗೆ ಸುಲಭವಾಗಿ ಕಡಿಯಬರುವಷ್ಟು ಮೆತ್ತಗೆ, ಗಾಳಿಗೆ ಒಡ್ಡಿದ ಮೇಲೆ ಗೋಡೆ ಕಟ್ಟುವಷ್ಟು ಗಟ್ಟಿ. ಇಲ್ಲಿನ ಹಲವು ನುಡಿಗಳಲ್ಲಿ ಇದನ್ನು ಇಟ್ಟಿಗೆಕಲ್ಲು ಎನ್ನುತ್ತಾರೆಂದು ಅವನೇ ಬರೆದಿದ್ದಾನೆ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ‘ಲೇಟರ್’ ಎಂದು ಹೆಸರು. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಿಂದ ‘ಲ್ಯಾಟರೈಟ್’ ಜಗತ್ತಿನ ಪಾಲಾಯಿತು. ಆ ಹೆಸರಿನ ಬೇರು ನಮ್ಮ ಕಲ್ಲು ಕಡಿಯುವವರ ಮಾತಿನಲ್ಲೇ ಇದೆ.

ಜೋರು ಮಳೆ ಬಂಡೆಯೊಳಗಿನ ಸಿಲಿಕಾವನ್ನು ತೊಳೆದೊಯ್ದು ಕಬ್ಬಿಣ, ಅಲ್ಯುಮಿನಿಯಂಗಳ ಆಕ್ಸೈಡುಗಳನ್ನು ಉಳಿಸಿದಾಗ ಈ ಕಲ್ಲು ಆಗುತ್ತದೆ. ಕರಾವಳಿಯವರಿಗೆ ಇದು ಮುರಕಲ್ಲು, ಕೆಂಪುಕಲ್ಲು; ಉತ್ತರ ಕನ್ನಡದಲ್ಲಿ ಚಿರೇಕಲ್ಲು; ಮಲೆನಾಡಿನಲ್ಲಿ ಜಂಬಿಟ್ಟಿಗೆ. ಪಠ್ಯಪುಸ್ತಕದಲ್ಲಿ ಮಾತ್ರ ಮಕ್ಕಳು ‘ಜಂಬಿಟ್ಟಿಗೆ ಮಣ್ಣು’ ಎಂದಷ್ಟೇ ಕಲಿಯುತ್ತಾರೆ. ಮನೆಯ ಗೋಡೆಯಲ್ಲಿರುವ ಕಲ್ಲೂ ಪುಸ್ತಕದ ಆ ಮಣ್ಣೂ ಒಂದೇ ಪ್ರಕ್ರಿಯೆಯ ಫಲವೆಂದು ಅವರಿಗೆ ಯಾರೂ ತೋರಿಸಿಕೊಡುವುದಿಲ್ಲ.

ಜನರ ಪದ ಕೆಲವೊಮ್ಮೆ ವ್ಯಾಪಾರದ ಪದಕ್ಕಿಂತ ಹೆಚ್ಚು ನಿಜ. ಚಾಮರಾಜನಗರದ ಕಡೆಯ ಹೆಸರಾಂತ ‘ಬ್ಲ್ಯಾಕ್ ಗ್ರಾನೈಟ್’ ಗ್ರಾನೈಟೇ ಅಲ್ಲ. ಹಳೆಯ ಬಂಡೆಯ ಬಿರುಕಿಗೆ ಶಿಲಾಪಾಕ ನುಗ್ಗಿ ಆರಿ ಗಟ್ಟಿಯಾದ ಡಾಲರೈಟ್ ಅದು. ಊರವರು ಅದನ್ನು ಕರಿಕಲ್ಲು ಎಂದರೆ ಅದರಲ್ಲಿ ಸುಳ್ಳಿಲ್ಲ.

ಪಂಡಿತರು ಕಟ್ಟಿದ ಪದಗಳಲ್ಲೂ ತೊಡಕಿದೆ. ಭೂಮಿಯ ಬಿರುಕಿನುದ್ದಕ್ಕೂ ಎರಡು ಬದಿಯ ಬಂಡೆಗಳು ಸರಿದಿದ್ದರೆ ಅದಕ್ಕೆ ‘ಸ್ತರಭಂಗ’ ಎನ್ನುತ್ತೇವೆ. ಸ್ತರಗಳೇ ಇಲ್ಲದ ಗ್ರಾನೈಟಿನಲ್ಲೂ ಹಾಗೆ ಆಗುತ್ತದಲ್ಲ! ಅಲ್ಲಿ ಭಂಗವಾದದ್ದು ಯಾವ ಸ್ತರ? ಬಂಡೆ ಸರಿದಿದೆ ಎಂಬುದೇ ಇಲ್ಲಿನ ಮುಖ್ಯ ಸಂಗತಿ, ಆ ಪದ ಅದನ್ನೇ ಹೇಳುವುದಿಲ್ಲ. ‘ಜಾರುಬಿರುಕು’ ಎಂದರೆ ಹತ್ತನೆಯ ತರಗತಿಯ ಹುಡುಗಿಗೂ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಇದು ನನ್ನ ಸಲಹೆ. ಇದಕ್ಕಿಂತ ಒಳ್ಳೆಯದು ಸಿಕ್ಕರೆ ಸಂತೋಷ.

ಹಾಗೆಂದು ಎಲ್ಲವನ್ನೂ ಕನ್ನಡಿಸಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಬೆಂಗಳೂರಿನ ಲಾಲ್‌ಬಾಗ್ ಗುಡ್ಡದ ಸುಮಾರು 300 ಕೋಟಿ ವರ್ಷದ ಬಂಡೆ ‘ನೈಸ್’ ಆಗಿಯೇ ಇರಲಿ; ಅದು ಜರ್ಮನ್ ಗಣಿಗಾರರ ಬಾಯಿಂದ ಬಂದ ಪದ. ರಾಮನಗರದ ಗುಡ್ಡಗಳ ‘ಕ್ಲೋಸ್‌ಪೇಟ್ ಗ್ರಾನೈಟ್’ ಆ ಊರಿನ ಹಳೆಯ ಹೆಸರನ್ನು ಉಳಿಸಿಕೊಂಡಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಬಂಡೆಗಳ ಹೆಸರಾಗಿ ಬಳಕೆಗೆ ತಂದ ‘ಧಾರವಾಡ’ವನ್ನು ಇಂದು ಜಗತ್ತಿನ ಭೂವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲಿ ಬರೆಯುತ್ತಾರೆ. ಆದರೆ ಬೆಣಚುಕಲ್ಲು, ಬಳಪದ ಕಲ್ಲು, ಕಾಗೆಬಂಗಾರ, ಎರೆ, ಮಸಾರಿ, ಗರಸು ಇವನ್ನು ಹಳ್ಳಿಮಾತೆಂದು ಪುಸ್ತಕದಿಂದ ಹೊರಗಿಡುವುದು ದೊಡ್ಡ ನಷ್ಟ. ಎರೆಯಲ್ಲಿ ನೀರು ನಿಲ್ಲುತ್ತದೆ, ಗರಸಿನಲ್ಲಿ ಇಳಿದುಹೋಗುತ್ತದೆ ಎಂಬ ತಿಳಿವಳಿಕೆ ಬೇಸಾಯಗಾರನಿಗೆ ಆ ಪದಗಳ ಜೊತೆಗೇ ಬಂದಿದೆ.

ಅಧ್ಯಾಪಕ ಮಿತ್ರರಲ್ಲಿ ನನ್ನ ಬೇಡಿಕೆ ಇಷ್ಟೆ. ಮುಂದಿನ ಪಾರಿಭಾಷಿಕ ಕೋಶದ ಸಮಿತಿಯಲ್ಲಿ ಬಾವಿ ತೋಡುವವರು, ಕಲ್ಲುಕುಟಿಗರು, ಒಣಬೇಸಾಯದ ರೈತರು ಸದಸ್ಯರಾಗಿ ಕೂರಲಿ. ನಿಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಕಲ್ಲು ಮಣ್ಣಿನ ಹೆಸರುಗಳನ್ನು ಮಾದರಿ ಸಮೇತ ಸಂಗ್ರಹಿಸಲಿ. ಆ ಕೆಲಸವನ್ನು ಈ ವರ್ಷವೇ ಆರಂಭಿಸಿ.